ಒಣ ಜಾಗ

ವರ್ಕಾಡಿಯ ಗ್ರೇಸಿಯ ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಎಂಬುದು ಗ್ರೇಸಿಯೊಬ್ಬಳಿಗೇ ಗೊತ್ತಿತ್ತು. ಉಳಿದವರಿಗೆ ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಮಗ ಸವಿಯೊನ ಜೀಪಿನ ಆರ್‌ಸಿ ಪುಸ್ತಕ, ಸೊಸೆ ಶಾರನ್‌ಳ ನರ್ಸಿಂಗ್ ಸರ್ಟಿಫಿಕೇಟು, ತೀರಿಕೊಂಡು ಹನ್ನೊಂದು ವರ್ಷವಾದ ಗಂಡ ಸಾಲ್ವದೊರನ ಮದುವೆಯ ಕೋಟು, ಹೋದ ವರ್ಷದ ಹೀರೆಕಾಯಿ ಬೀಜ, ಎಲ್ಲವೂ ಅವಳು ಇಟ್ಟ ಕಡೆ ಇರುತ್ತಿದ್ದವು, ಕೇಳಿದ ಕೂಡಲೇ ಕೈಗೆ ಬರುತ್ತಿದ್ದವು. ಯಾರಾದರೂ ತಾವೇ ಹುಡುಕಲು ಹೊರಟರೆ ಅವಳಿಗೆ ಸಿಟ್ಟು ಬರುತ್ತಿತ್ತು. ಹುಡುಕುವುದೆಂದರೆ ತನ್ನ ಮೇಲೆ ನಂಬಿಕೆ ಇಲ್ಲವೆಂದೇ ಅವಳ ಲೆಕ್ಕ.

ಈ ಜಂಬ ಸುಮ್ಮನೆ ಬಂದದ್ದಲ್ಲ. ಆ ಊರಿನಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಅಕ್ಟೋಬರಿನವರೆಗೆ ಬಿಡುವುದಿಲ್ಲ. ಚಪ್ಪಲಿಗೆ, ಬೆಲ್ಟಿಗೆ, ಕೊನೆಗೆ ದೇವರ ಪಟದ ಹಿಂದಿನ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಗ್ರೇಸಿ ಇಪ್ಪತ್ತೇಳು ವರ್ಷ ಬೀಡಿ ಕಟ್ಟಿದವಳು. ಮಳೆ ಜೋರಾಗಿ ಸುರಿಯುವ ಆಟಿ ತಿಂಗಳಲ್ಲಿ ಊರಿನ ಹೆಂಗಸರ ಬೀಡಿ ತೇವ ಹಿಡಿದು ಬೀಡಿ ಕಂಪೆನಿಯ ಬ್ರಾಂಚಿನಿಂದ ವಾಪಸು ಬರುತ್ತಿದ್ದಾಗ ಅವಳ ಒಂದು ಕಟ್ಟೂ ಹಾಗೆ ತಿರುಗಿ ಬಂದದ್ದಿಲ್ಲ. ಗುಟ್ಟು ಇದ್ದದ್ದು ಅಡುಗೆಮನೆಯ ಅಟ್ಟದಲ್ಲಿ. ಗ್ಯಾಸು ಬಂದು ಎಷ್ಟೋ ಕಾಲವಾಗಿದ್ದರೂ ಕುಚ್ಚಲಕ್ಕಿಯ ಗಂಜಿ ಬೇಯುವುದು ಕಟ್ಟಿಗೆಯ ಒಲೆಯಲ್ಲೇ ಆಗಬೇಕಿತ್ತು. ಆ ಒಲೆಯ ನೇರ ಮೇಲೆ ಬಿದಿರಿನ ಸಲಾಕೆಗಳ ಅಟ್ಟ. ಅಲ್ಲಿ ಹುಣಸೆ, ಪುನರ್ಪುಳಿ ಸಿಪ್ಪೆ, ಒಣಮೀನಿನ ಭರಣಿ, ಬೀಜದ ಗಂಟುಗಳು ಇದ್ದವು. ಮಳೆಗಾಲ ಬಂತೆಂದರೆ ಸಾಲ್ವದೊರನ ಕೋಟು ಸಹ ಬಟ್ಟೆ ಸುತ್ತಿಕೊಂಡು ಅಲ್ಲಿಗೆ ಏರುತ್ತಿತ್ತು. ಇಷ್ಟು ವರ್ಷವಾದರೂ ಆ ಕೋಟಿಗೆ ಒಂದು ಚುಕ್ಕೆ ಬೂಷ್ಟು ಬಂದಿಲ್ಲವೆಂದು ಅವಳು ಕಂಡಕಂಡವರಿಗೆ ಹೇಳುತ್ತಿದ್ದಳು. ಕೋಟಿನಿಂದ ಒಣಮೀನಿನ ವಾಸನೆ ಬರುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

೨೦೧೪ರ ಫೆಬ್ರವರಿಯಲ್ಲಿ ಶಾರನ್‌ಳ ಅಕ್ಕ ಪ್ರೀಮಾ ಮಸ್ಕತ್ತಿನಿಂದ ರಜೆಯಲ್ಲಿ ಬಂದಾಗ ಒಂದು ವಿಚಿತ್ರ ಬ್ಯಾಗು ತಂದಳು. ಬೆನ್ನಿಗೆ ಹಾಕುವ ಬ್ಯಾಗೇ, ಆದರೆ ಒಳಗೆ ಸಾಮಾನಿನ ಬದಲು ಮಗು ಕೂತುಕೊಳ್ಳಬೇಕು. ಅಲ್ಯೂಮಿನಿಯಮ್ಮಿನ ಚೌಕಟ್ಟು, ದಪ್ಪ ನೀಲಿ ಬಟ್ಟೆ, ಮಗುವಿನ ಎದೆಗೆ ಅಡ್ಡಲಾಗಿ ಪಟ್ಟಿ, ಪಟ್ಟಿಯ ತುದಿಗೆ ಟಿಕ್ ಎಂದು ಕೂರುವ ಪ್ಲಾಸ್ಟಿಕ್ಕಿನ ಬಕಲು. ಬಿಸಿಲು ಮಳೆ ತಡೆಯಲು ಎರಡು ಕ್ಲಿಪ್ಪುಗಳಲ್ಲಿ ಸಿಕ್ಕಿಸುವ ಪುಟ್ಟ ಕೊಡೆ ಬೇರೆ. ಪ್ರೀಮಾಳ ಎರಡು ಮಕ್ಕಳು ಅದರಲ್ಲಿ ಕೂತು ಅಲ್ಲಿನ ಬೋಳುಗುಡ್ಡಗಳನ್ನೆಲ್ಲ ನೋಡಿ ದೊಡ್ಡವರಾಗಿದ್ದರು. ಈಗ ಅದು ಶಾರನ್‌ಳ ಮಗ, ಹದಿಮೂರು ತಿಂಗಳ ಅಲ್ರಾಯ್‌ನ ಪಾಲಿಗೆ ಬಂತು. ಕಂಪೆನಿಯವರು ಅದಕ್ಕಿಟ್ಟ ಹೆಸರು ಕ್ಯಾರಿಯರ್. ಜೀಪು ಓಡಿಸುವವರ ಮನೆಯಲ್ಲಿ ಕ್ಯಾರಿಯರ್ ಎಂದರೆ ಜೀಪಿನ ತಲೆಯ ಮೇಲಿನ ಕಬ್ಬಿಣದ ಚೌಕಟ್ಟು. ಗೊಂದಲ ಬೇಡವೆಂದು ಗ್ರೇಸಿ ಅದನ್ನು ಬೆನ್ನು ತೊಟ್ಟಿಲು ಎಂದು ಕರೆದಳು, ಆ ಹೆಸರೇ ನಿಂತಿತು.

ಸವಿಯೊ ವರ್ಕಾಡಿಯಿಂದ ಹೊಸಂಗಡಿಗೆ ಸರ್ವಿಸ್ ಜೀಪು ಓಡಿಸುವವನು. ಗುಡ್ಡ ಹತ್ತುವ ಹುಚ್ಚು ಅವನಿಗೂ ಶಾರನ್‌ಗೂ ಮದುವೆಗಿಂತ ಮೊದಲಿನದು. ಇಗರ್ಜಿಯ ಯುವಕ ಸಂಘದವರು ಪೊಸಡಿಗುಂಪೆ ಹತ್ತಲು ಹೋದ ದಿನವೇ ಇಬ್ಬರಿಗೂ ಪರಿಚಯವಾದದ್ದು. ಮಗು ಹುಟ್ಟಿದ ಮೇಲೆ ತಣ್ಣಗಾಗಿದ್ದ ಹುಚ್ಚು ತೊಟ್ಟಿಲು ಬಂದದ್ದೇ ಮತ್ತೆ ಕೆದರಿತು. ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದವರೇ ಅಲ್ರಾಯ್‌ನನ್ನು ತೊಟ್ಟಿಲಲ್ಲಿ ಕೂರಿಸಿ ಹೊರಡುವರು. ಅಪ್ಪನ ತಲೆಯ ಮೇಲೆ ಎರಡೂ ಕೈಯಲ್ಲಿ ತಾಳ ಹಾಕುತ್ತ ಹೋಗುವ ಮೊಮ್ಮಗನನ್ನು ಗ್ರೇಸಿ ಅಂಗಳದ ಕೊನೆಯವರೆಗೆ ಬಂದು ನೋಡುತ್ತಿದ್ದಳು. ಅವಳಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇರೆ ಇರಲಿಲ್ಲ.

ಶಾರನ್ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಅಲ್ರಾಯ್ ಪೂರ್ತಿ ಗ್ರೇಸಿಯವನು. ಅವಳೇ ಮೀಯಿಸುವುದು, ಅವಳೇ ಗಂಜಿ ಉಣಿಸುವುದು, ಅವಳ ಸೊಂಟದ ಮೇಲೆಯೇ ಮಧ್ಯಾಹ್ನದ ನಿದ್ದೆ. ಸೊಸೆಗೂ ಅವಳಿಗೂ ಸಣ್ಣಪುಟ್ಟ ಇರುಸುಮುರುಸು ಇಲ್ಲದೆ ಇರಲಿಲ್ಲ, ಆದರೆ ಮಗುವನ್ನು ಅವಳ ಕೈಗೆ ಕೊಡುವಾಗ ಶಾರನ್ ಯಾವತ್ತೂ ಹಿಂದೆ ತಿರುಗಿ ನೋಡಿದವಳಲ್ಲ. ಗ್ರೇಸಿ ಅದನ್ನು ಗಮನಿಸಿದ್ದಳು, ಗಮನಿಸಿ ಒಳಗೊಳಗೆ ಹಿಗ್ಗಿದ್ದಳು.

ತೊಟ್ಟಿಲನ್ನು ಸಾಗಿಸುವ ವಿಷಯದಲ್ಲಿ ಮಾತ್ರ ಶಾರನ್ ಮಹಾ ಕಟ್ಟುನಿಟ್ಟು. ಅದರ ಮೇಲೆ ಭಾರ ಹೇರಬಾರದು, ಹಗ್ಗ ಬಿಗಿಯಬಾರದು, ಜೀಪಿನ ಒಳಗೇ ಇಡಬೇಕು ಎಂದು ಗಂಡನಿಗೆ ಪ್ರತಿ ಸಲ ಹೇಳುತ್ತಿದ್ದಳು. ಅವನು ಪ್ರತಿ ಸಲ ತಲೆಯಾಡಿಸುತ್ತಿದ್ದ.

ಮೇ ಕೊನೆಗೆ ಮೊದಲ ಗುಡುಗು ಕೇಳಿಸಿದಾಗ ಶಾರನ್ ತೊಟ್ಟಿಲನ್ನು ಸಾಬೂನು ನೀರಿನಲ್ಲಿ ಒರಸಿ, ಕೊಡೆಯನ್ನು ಬಿಚ್ಚಿ, ಎರಡನ್ನೂ ಒಣಗಿಸಿದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಅದರ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಕಣ್ಣಾಡಿಸಿದಳು.

"ಮಮ್ಮಿ, ಇದನ್ನು ಒಣ ಜಾಗದಲ್ಲಿ ಇಡಬೇಕಂತೆ. ತೇವ ತಾಗಬಾರದು, ಆಯಿತಾ?"

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಪುಸ್ತಕವನ್ನು ಜೇಬಿಗೆ ತುರುಕಿ ಅವಳು ಓಡಿದಳು.

ಗ್ರೇಸಿಗೆ ನಗು ಬಂತು. ಒಣ ಜಾಗದ ವಿಷಯವನ್ನು ಯಾರು ಯಾರಿಗೆ ಹೇಳಿಕೊಡುವುದು! ತೊಟ್ಟಿಲಿಗೆ ಸಾಲ್ವದೊರನ ಹಳೆಯ ಲುಂಗಿ ಸುತ್ತಿದಳು, ಕೊಡೆಗೆ ಬೇರೆ ಬಟ್ಟೆ. ಅಟ್ಟದಲ್ಲಿಯೂ ಎಲ್ಲ ಜಾಗ ಒಂದೇ ಅಲ್ಲ. ಒಲೆಯ ಸರಿಯಾಗಿ ನೆತ್ತಿಯ ಮೇಲೆ ಇರುವಷ್ಟು ಒಣಗು ಮೂಲೆಯಲ್ಲಿರುವುದಿಲ್ಲ. ಮೂವತ್ತು ವರ್ಷದಿಂದ ಹುಣಸೆಯ ಗುಡಾಣ ಇದ್ದ ಆ ಜಾಗದಿಂದ ಗುಡಾಣವನ್ನು ಪಕ್ಕಕ್ಕೆ ಸರಿಸಿ, ಅದನ್ನು ಮೊಮ್ಮಗನ ತೊಟ್ಟಿಲಿಗೆ ಕೊಟ್ಟಳು. ಕೊಡೆ ಅದರ ಹಿಂದೆ ಹೋಯಿತು. ಆಮೇಲೆ ಐದು ತಿಂಗಳು, ದಿನಕ್ಕೆ ಎರಡು ಹೊತ್ತು, ಅಡಿಯಲ್ಲಿ ಗಂಜಿ ಕುದಿಯಿತು.

ನವೆಂಬರಿನಲ್ಲಿ ಅವಳು ತೊಟ್ಟಿಲನ್ನು ಇಳಿಸಿ, ಹೊಗೆಯ ವಾಸನೆ ಹೋಗಲೆಂದು ಎರಡು ದಿನ ಬಿಸಿಲಿಗೆ ಹಾಕಿದಳು. ಶಾರನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಬೆರಗಾದಳು. ಅವಳ ಗೆಳತಿಯರ ಮನೆಯ ಶಾಲೆಬ್ಯಾಗುಗಳೆಲ್ಲ ಬೂಷ್ಟು ಹಿಡಿದು ಹೋಗಿದ್ದವಂತೆ, ಇದು ನೋಡಿದರೆ ಹೊಸತರ ಹಾಗೆ ಉಂಟು, ಎಲ್ಲಿಟ್ಟಿದ್ದಿರಿ ಎಂದು ಕೇಳಿದಳು. ಒಣ ಜಾಗದಲ್ಲಿ ಎಂದು ಗ್ರೇಸಿ ಗತ್ತಿನಿಂದ ಹೇಳಿದಳು. ಕೊಡೆಯ ನೆನಪು ಇಬ್ಬರಿಗೂ ಆಗಲಿಲ್ಲ. ಬಿಸಿಲು ಅಷ್ಟು ಹಿತವಾಗಿದ್ದ ದಿನಗಳವು.

ಇಪ್ಪತ್ತಮೂರನೇ ತಾರೀಕು, ಭಾನುವಾರ, ಶಾರನ್‌ಳ ಆಸ್ಪತ್ರೆಯ ಗೆಳತಿಯರು ಗಂಡಂದಿರ ಜೊತೆ ಬಂದಿದ್ದರು. ಎಲ್ಲರೂ ಸೇರಿ ಪೊಸಡಿಗುಂಪೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಜೀಪಿನ ಒಳಗೆ ಜನವೇ ಹಿಡಿಸದಷ್ಟು ಆಗಿ, ಅನ್ನದ ಪಾತ್ರೆಯನ್ನು ಕಾಲಡಿಗೆ ಇಟ್ಟುಕೊಂಡರು. ಸವಿಯೊ ತೊಟ್ಟಿಲನ್ನು ಮೇಲಿನ ಕ್ಯಾರಿಯರಿಗೆ ಹಾಕಿ, ಹಾರದಿರಲೆಂದು ಅದರ ಮೇಲೆ ಸ್ಟೆಪ್ನಿ ಟಯರನ್ನು ಇಟ್ಟು ಹಗ್ಗ ಬಿಗಿದ. ಶಾರನ್ ನೋಡಿ ಒಳಗೆ ಇಡಿ ಎಂದಳು. ಎಲ್ಲಿ ಇಡುವುದು ಮಾರಾಯ್ತಿ, ಅರ್ಧ ಗಂಟೆಯ ದಾರಿ, ಎಂತ ಆಗುವುದಿಲ್ಲ ಎಂದು ಅವನು ನಕ್ಕ. ಗ್ರೇಸಿ ಅಂಗಳದಿಂದ ಕೈಬೀಸಿದಳು.

ಆದದ್ದು ಗುಡ್ಡದ ಅರ್ಧದಲ್ಲಿ. ಹುಲ್ಲಿನಿಂದ ಒಂದು ನವಿಲು ಎದ್ದು ಹಾರಿತಂತೆ. ಅಲ್ರಾಯ್ ಅದನ್ನು ನೋಡಲು ಪಕ್ಕಕ್ಕೆ ಬಾಗಿದ. ಟಕ್ ಎಂದು ಒಂದು ಸದ್ದು, ಬೆನ್ನು ಒಮ್ಮೆಲೇ ಹಗುರಾದದ್ದು ಸವಿಯೊಗೆ ಗೊತ್ತಾಯಿತು. ತಿರುಗುವಷ್ಟರಲ್ಲಿ ಮಗು ತಲೆಯಡಿಯಾಗಿ ಮುರಕಲ್ಲಿನ ಮೇಲೆ ಬಿದ್ದಿತ್ತು. ಎದೆಯ ಪಟ್ಟಿಯ ಬಕಲು ಎರಡು ತುಂಡಾಗಿ ನೇತಾಡುತ್ತಿತ್ತು.

ಬಲಗೈಯ ಮೂಳೆ ಮುರಿದಿತ್ತು. ಹುಬ್ಬಿನ ಮೇಲೆ ಏಳು ಹೊಲಿಗೆ ಬಿತ್ತು. ಬೆರಳಗಲ ಕೆಳಗೆ ತಾಗಿದ್ದರೆ ಕಣ್ಣು ಹೋಗುತ್ತಿತ್ತೆಂದು ಮಂಗಳೂರಿನ ಡಾಕ್ಟರು ಹೇಳಿದರು. ಗ್ರೇಸಿ ಬಸ್ಸು ಹಿಡಿದು ಆಸ್ಪತ್ರೆ ಮುಟ್ಟಿದಾಗ ಶಾರನ್ ಗಂಡನ ಎದುರು ನಿಂತಿದ್ದಳು. ಅವಳ ಅಂಗಿಯ ಮೇಲೆ ಮಗುವಿನ ರಕ್ತ ಒಣಗಿತ್ತು. ಅವಳು ಕೂಗಾಡಲಿಲ್ಲ.

"ಒಳಗೆ ಇಡಿ ಅಂತ ನಾನು ಹೇಳಿದ್ದಲ್ವಾ?"

ಟಯರಿನ ಭಾರಕ್ಕೆ ಬಕಲು ಬಿರುಕು ಬಿಟ್ಟದ್ದೆಂದು ಶಾರನ್‌ಗೆ ಖಾತ್ರಿಯಿತ್ತು, ಸವಿಯೊಗೂ ಖಾತ್ರಿಯಿತ್ತು, ಕೇಳಿದವರಿಗೆಲ್ಲ ಖಾತ್ರಿಯಾಯಿತು. ಗ್ರೇಸಿಯೂ ಆ ರಾತ್ರಿ ಮಗನನ್ನು ಮನಸ್ಸಿನಲ್ಲೇ ಬೈದಳು.

ಮರುದಿನ ಸೋಮವಾರ ಆಸ್ಪತ್ರೆಗೆ ಗಂಜಿ ತರಲೆಂದು ಅವಳು ಮನೆಗೆ ಬಂದಳು. ಒಲೆಗೆ ಬೆಂಕಿ ಹಾಕಿ, ಚಟ್ನಿಗೆ ಹುಣಸೆ ತೆಗೆಯಲು ಸ್ಟೂಲು ಹತ್ತಿದಳು. ಗುಡಾಣದ ಹಿಂದೆ ಬಟ್ಟೆ ಸುತ್ತಿದ ಏನೋ ಕೈಗೆ ತಾಗಿತು. ಬಿಚ್ಚಿದರೆ ತೊಟ್ಟಿಲಿನ ಕೊಡೆ. ಅಯ್ಯೋ, ಇದು ಇಲ್ಲೇ ಬಾಕಿಯಾಯಿತಲ್ಲ ಎಂದುಕೊಂಡು, ಸವಿಯೊ ಹಿಂದೆ ತೋರಿಸಿಕೊಟ್ಟ ಹಾಗೆ ಅದರ ಒಂದು ಕ್ಲಿಪ್ಪನ್ನು ಎರಡು ಬೆರಳಲ್ಲಿ ಒತ್ತಿದಳು.

ಅದು ಹಪ್ಪಳದ ಹಾಗೆ ಪುಡಿಯಾಯಿತು.

ಗ್ರೇಸಿ ಸ್ಟೂಲಿನ ಮೇಲೆ ನಿಂತೇ ಇದ್ದಳು. ಈ ಕೊಡೆ ಜೀಪು ಹತ್ತಿರಲಿಲ್ಲ. ಇದರ ಮೇಲೆ ಯಾರೂ ಟಯರು ಹೇರಿರಲಿಲ್ಲ, ಹಗ್ಗ ಬಿಗಿದಿರಲಿಲ್ಲ. ಇದು ಮಾಡಿದ್ದು ಒಂದೇ ಕೆಲಸ, ಐದು ತಿಂಗಳು ಅವಳ ಒಲೆಯ ಮೇಲೆ ಕೂತದ್ದು. ಕೆಳಗಿನಿಂದ ಬರುತ್ತಿದ್ದ ಬಿಸಿ ಅವಳ ಮೊಣಕೈಗೆ ತಾಗುತ್ತಿತ್ತು. ಇಷ್ಟು ವರ್ಷ ಅವಳಿಗೆ ಅದು ಬಿಸಿಯೆಂದು ಅನಿಸಿರಲೇ ಇಲ್ಲ, ಒಣಗು ಎಂದೇ ಅನಿಸಿತ್ತು. ಬಟ್ಟೆಗೆ, ಬೀಡಿಗೆ, ಬೀಜಕ್ಕೆ ಎರಡೂ ಒಂದೇ. ಪ್ಲಾಸ್ಟಿಕ್ಕಿಗೆ ಅಲ್ಲ ಎಂದು ಅವಳಿಗೆ ಹೇಳುವವರು ಯಾರು?

ಅವಳು ಕೊಡೆಯನ್ನು ತನ್ನ ಮದುವೆಯ ಟ್ರಂಕಿನ ತಳಕ್ಕೆ ಹಾಕಿ ಬೀಗ ಹಾಕಿದಳು. ಆಮೇಲೆ ಗಂಜಿಯನ್ನು ಡಬ್ಬಿಗೆ ತುಂಬಿ ಬಸ್ಸಿಗೆ ನಡೆದಳು.

ದಾರಿಯುದ್ದಕ್ಕೂ, ಇವತ್ತೇ ಹೇಳುತ್ತೇನೆ ಎಂದುಕೊಂಡಳು. ಆಸ್ಪತ್ರೆಯ ಕೋಣೆಯೊಳಗೆ ಹೋದಾಗ ಅಲ್ರಾಯ್ ಅವಳನ್ನು ನೋಡಿ ಬ್ಯಾಂಡೇಜಿನ ಕೆಳಗಿನಿಂದ ನಕ್ಕು, ಪ್ಲಾಸ್ಟರು ಇಲ್ಲದ ಕೈಯನ್ನು ಚಾಚಿದ. ಶಾರನ್ ಯಾವತ್ತಿನ ಹಾಗೆ ಅವನನ್ನು ಅವಳ ಕೈಗೆ ಕೊಟ್ಟು ಔಷಧಿಗೆಂದು ಹೊರಗೆ ಹೋದಳು, ತಿರುಗಿಯೂ ನೋಡಲಿಲ್ಲ. ಮಗುವಿನ ಭಾರ ಎದೆಗೆ ಬಿದ್ದ ಕೂಡಲೇ ಗ್ರೇಸಿ ಅವನನ್ನು ಬಿಗಿಯಾಗಿ ಅಪ್ಪಿಕೊಂಡಳು. ಹೇಳಿದರೆ ಇನ್ನು ಈ ಮಗುವನ್ನು ತನ್ನ ಕೈಗೆ ಕೊಡುತ್ತಾರೆಯೇ? ಅವಳನ್ನು ತಡೆದದ್ದು ಅದೊಂದೇ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಅವಳು ಹೇಳಲಿಲ್ಲ. ಹೇಳದೆ ಉಳಿಸಿಕೊಂಡದ್ದಾದರೂ ಏನು? ಮಂಗಳವಾರ ಆಸ್ಪತ್ರೆಯಿಂದ ಬಿಟ್ಟಾಗ ಶಾರನ್ ಮಗುವನ್ನು ಎತ್ತಿಕೊಂಡು ಸೀದಾ ಸೀತಾಂಗೋಳಿಯ ತಾಯಿ ಮನೆಗೆ ಹೋದಳು. ಅಲ್ಲಿಂದಲೇ ಕೆಲಸಕ್ಕೆ ಹೋಗುತ್ತೇನೆ, ಮಗುವನ್ನು ನನ್ನ ಅಮ್ಮ ನೋಡಿಕೊಳ್ಳುತ್ತಾರೆ ಎಂದು ಗಂಡನಿಗೆ ಹೇಳಿದಳು. ಎಷ್ಟು ದಿನ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸವಿಯೊ ಮಾತು ಕಡಿಮೆ ಮಾಡಿದ. ತೊಟ್ಟಿಲನ್ನು ಜೀಪಿನ ಶೆಡ್ಡಿನ ಮೂಲೆಗೆ ಎಸೆದವನು ಅದರ ಕಡೆ ಮತ್ತೆ ಹೋಗಲಿಲ್ಲ. ಒಂದು ಸಲ ಸೀಮೆಎಣ್ಣೆ ಹಾಕಿ ಸುಟ್ಟುಬಿಡುತ್ತೇನೆ ಎಂದಾಗ ಗ್ರೇಸಿ ಬೇಡವೆಂದಳು. ಯಾಕೆ ಬೇಡ ಎಂದು ಹೇಳಲು ಅವಳಿಂದ ಆಗಲಿಲ್ಲ. ಮೊದಲೆಲ್ಲ ಶಾಲೆಮಕ್ಕಳು ಜೀಪು ಹತ್ತುವಾಗ ಅವನು ಸಣ್ಣವರನ್ನು ಕಂಕುಳಿಗೆ ಕೈಹಾಕಿ ಎತ್ತಿ ಒಳಗೆ ಇಡುತ್ತಿದ್ದ. ಅದಕ್ಕಾಗಿಯೇ ಮಕ್ಕಳು ಬೇರೆ ಜೀಪು ಬಿಟ್ಟು ಅವನ ಜೀಪಿಗೆ ಕಾಯುತ್ತಿದ್ದರು. ಈಗ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತು, ನೀವೇ ಹತ್ತಿ ಮಕ್ಕಳೇ ಎನ್ನುತ್ತಿದ್ದ. ಇದನ್ನು ಗ್ರೇಸಿ ವರ್ಕಾಡಿ ಪೇಟೆಯಲ್ಲಿ ಮೀನು ತೆಗೆದುಕೊಳ್ಳುವಾಗ ಕಣ್ಣಾರೆ ನೋಡಿದಳು.

ಕ್ರಿಸ್ಮಸ್ಸಿಗೆ ಮೊದಲು ಎಲ್ಲರೂ ಕುಮ್ಸಾರಕ್ಕೆ, ಎಂದರೆ ಪಾಪ ನಿವೇದನೆಗೆ, ಹೋಗುವುದು ರೂಢಿ. ಗ್ರೇಸಿಗೆ ಇದು ಒಳ್ಳೆಯ ದಾರಿಯೆಂದು ಕಂಡಿತು. ದೇವರ ಹತ್ತಿರ ಹೇಳಿಬಿಟ್ಟರೆ ಹೇಳಿದ ಹಾಗೂ ಆಯಿತು, ಮನೆಯಲ್ಲಿ ಗೊತ್ತಾಗದ ಹಾಗೂ ಆಯಿತು. ಸಾಲಿನಲ್ಲಿ ನಿಂತು, ಜಾಲರಿಯ ಆಚೆಗಿನ ಹೊಸ ಪಾದ್ರಿಗೆ ಅಟ್ಟದಿಂದ ಹಿಡಿದು ಟ್ರಂಕಿನವರೆಗೆ ಎಲ್ಲ ಹೇಳಿದಳು. ಅವರು ಸವಿಯೊಗಿಂತ ಚಿಕ್ಕವರು. ಅಟ್ಟದಲ್ಲಿ ಇಟ್ಟದ್ದು ಪಾಪವಲ್ಲ, ಅದಕ್ಕೆ ಕ್ಷಮೆ ಬೇಕಾಗಿಲ್ಲ ಎಂದರು.

"ದೇವರಿಗೆ ಇದು ಮೊದಲೇ ಗೊತ್ತುಂಟು, ಬಾಯಮ್ಮ. ಗೊತ್ತಿಲ್ಲದ್ದು ನಿಮ್ಮ ಮಗನಿಗೆ."

ಪ್ರಾಯಶ್ಚಿತ್ತಕ್ಕೆಂದು ಅವರು ಹೇಳಿದ್ದು ಬರೀ ಮೂರು ನಮೋ ಮರಿಯ ಜಪ. ಗ್ರೇಸಿಗೆ ಸಿಟ್ಟೇ ಬಂತು. ಮೂವತ್ತು ಹೇಳಿಸಿದ್ದರೆ, ಮೊಣಕಾಲೂರಿ ಇಗರ್ಜಿಗೆ ಸುತ್ತು ಬರಿಸಿದ್ದರೆ, ಒಂದು ಲೆಕ್ಕ ತೀರಿದ ಹಾಗಾಗುತ್ತಿತ್ತು. ಇಷ್ಟು ಸಣ್ಣ ಪ್ರಾಯಶ್ಚಿತ್ತ ಕೊಟ್ಟು ದೊಡ್ಡದನ್ನು ಅವಳ ತಲೆಗೇ ಬಿಟ್ಟರು.

ಕ್ರಿಸ್ಮಸ್ಸಿನ ಮಧ್ಯಾಹ್ನ ಅವಳು ಹಬ್ಬದ ತಿಂಡಿ ಕುಸ್ವಾರಿನ ಡಬ್ಬಿ ಹಿಡಿದುಕೊಂಡು ಸವಿಯೊನ ಜೊತೆ ಸೀತಾಂಗೋಳಿಗೆ ಹೋದಳು. ಮನೆ ತುಂಬ ನೆಂಟರು. ಅಲ್ರಾಯ್‌ನ ಪ್ಲಾಸ್ಟರಿನ ಮೇಲೆ ಯಾರೋ ಬಣ್ಣದ ನಕ್ಷತ್ರ ಬರೆದಿದ್ದರು. ಅಪ್ಪನನ್ನು ನೋಡಿದ್ದೇ ಅವನು ನೆಂಟರ ಕಾಲುಗಳ ನಡುವಿನಿಂದ ಓಡಿ ಬಂದು, ಪಪ್ಪಾ ಎಂದು ಪ್ಲಾಸ್ಟರಿನ ಕೈಯನ್ನೂ ಸೇರಿಸಿ ಎರಡೂ ಕೈ ಎತ್ತಿದ. ಸವಿಯೊ ಜೇಬಿನಲ್ಲಿ ಜೀಪಿನ ಕೀ ಹುಡುಕತೊಡಗಿದ. ಕೀ ಅವನ ಬೆರಳಲ್ಲೇ ಇತ್ತು. ಮಗು ಸ್ವಲ್ಪ ಹೊತ್ತು ಕೈ ಎತ್ತಿಕೊಂಡೇ ನಿಂತು, ಆಮೇಲೆ ಇಳಿಸಿ, ಹೋಗಿ ಅಮ್ಮನ ಸೀರೆ ಹಿಡಿದುಕೊಂಡಿತು. ಶಾರನ್ ಇದನ್ನು ನೋಡಿದಳು.

ಗ್ರೇಸಿಯ ಬಾಯಿಯವರೆಗೆ ಮಾತು ಬಂತು. ಅಷ್ಟರಲ್ಲಿ ಯಾರೋ ಅವಳ ಕೈಗೆ ಕೇಕಿನ ತಟ್ಟೆ ಕೊಟ್ಟರು. ಅಷ್ಟು ಜನರ ನಡುವೆ ಹೇಗೆ ಹೇಳುವುದೆಂದು ತನಗೇ ಒಂದು ನೆಪ ಹೇಳಿಕೊಂಡು ಅವಳು ಕೇಕು ತಿಂದಳು. ಆ ಕೇಕು ತಿಂದದ್ದಕ್ಕಾಗಿ ಅವಳು ತನ್ನನ್ನು ಮುಂದೆ ಯಾವತ್ತೂ ಕ್ಷಮಿಸಲಿಲ್ಲ.

ಮೂರನೇ ದಿನ ಭಾನುವಾರ. ಪೂಜೆಯಿಂದ ಬಂದವಳು ಟ್ರಂಕು ತೆರೆದು ಕೊಡೆ ತೆಗೆದಳು. ಶೆಡ್ಡಿಗೆ ಹೋಗಿ ತೊಟ್ಟಿಲಿನ ಧೂಳು ಕೊಡವಿ ಹೊರಗೆ ತಂದಳು. ಅದನ್ನು ಎಂತಕ್ಕೆ ತಂದಿರಿ ಎಂದು ಸವಿಯೊ ಕೇಳಿದಾಗ, ಜೀಪು ತೆಗೆ, ಸೀತಾಂಗೋಳಿಗೆ ಹೋಗಲಿಕ್ಕುಂಟು ಎಂದಷ್ಟೇ ಹೇಳಿದಳು. ಅವನು ಅಭ್ಯಾಸದಿಂದ ಅದನ್ನು ಮೇಲಿನ ಕ್ಯಾರಿಯರಿಗೆ ಹಾಕಲು ಕೈ ಚಾಚಿ, ಥಟ್ಟನೆ ಹಿಂದೆ ತೆಗೆದುಕೊಂಡ. ಗ್ರೇಸಿ ಹಿಂದಿನ ಸೀಟಿನಲ್ಲಿ ಕೂತು ತೊಟ್ಟಿಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಹೊಸಂಗಡಿ, ಕುಂಬಳೆ ದಾಟಿ ಸೀತಾಂಗೋಳಿ ಮುಟ್ಟುವವರೆಗೂ ಅದರ ಚೌಕಟ್ಟು ಅವಳ ಹೊಟ್ಟೆಗೆ ಒತ್ತುತ್ತಿತ್ತು.

ಶಾರನ್ ಅಂಗಳದಲ್ಲಿ ಮಗುವಿನ ಬಟ್ಟೆ ಒಣಗಿಸುತ್ತಿದ್ದಳು. ಅವಳ ತಾಯಿ ಪೇಟೆಗೆ ಹೋಗಿದ್ದರು. ಅಲ್ರಾಯ್ ಜಗಲಿಯ ಚಾಪೆಯ ಮೇಲೆ ಒಂದು ಚಮಚದಲ್ಲಿ ತನ್ನ ಪ್ಲಾಸ್ಟರನ್ನು ಬಡಿಯುತ್ತಿದ್ದ. ತೊಟ್ಟಿಲನ್ನು ನೋಡಿ ಶಾರನ್‌ಳ ಮುಖ ಬಿಗಿಯಿತು. ಗ್ರೇಸಿ ಜಗಲಿ ಹತ್ತಿದರೂ ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಮಾತು ಬೇರೆ ಕಡೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸವಿಯೊ ಮೆಟ್ಟಿಲ ಹತ್ತಿರ ನಿಂತಿದ್ದ.

"ಈ ಕೊಡೆ ಅವತ್ತು ಜೀಪಿನಲ್ಲಿ ಬರಲಿಲ್ಲ," ಎಂದು ಗ್ರೇಸಿ ಸುರು ಮಾಡಿದಳು. "ಟಯರಿನ ಅಡಿಗೆ ಬೀಳಲಿಲ್ಲ. ಮಳೆಗಾಲ ಪೂರ್ತಿ ತೊಟ್ಟಿಲಿನ ಒಟ್ಟಿಗೆ ನನ್ನ ಒಲೆಯ ಮೇಲೆ ಇದ್ದದ್ದು. ನೋಡು."

ಉಳಿದಿದ್ದ ಇನ್ನೊಂದು ಕ್ಲಿಪ್ಪನ್ನು ಎರಡು ಬೆರಳಲ್ಲಿ ಒತ್ತಿದಳು. ಟಕ್ ಎಂದಿತು. ತುಂಡುಗಳು ಚಾಪೆಯ ಮೇಲೆ ಬಿದ್ದವು. ಆ ಸದ್ದಿಗೆ ಸವಿಯೊನ ಹೆಗಲು ಬೆಚ್ಚಿದ್ದನ್ನು ಗ್ರೇಸಿ ನೋಡಿದಳು. ಗುಡ್ಡದ ಮೇಲೆ ಅವನು ಕೇಳಿದ ಸದ್ದು ಅದೇ ಆಗಿರಬೇಕು.

ಶಾರನ್ ಒಂದು ತುಂಡನ್ನು ಹೆಕ್ಕಿ ಉಗುರಿನಿಂದ ಒತ್ತಿದಳು, ಅದೂ ಪುಡಿಯಾಯಿತು. ತೊಟ್ಟಿಲನ್ನು ಹತ್ತಿರ ಎಳೆದು ಮೂಸಿದಳು. ಆಮೇಲೆ ಅದರ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಪುಟ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಬಿಸಿಯಿಂದ ದೂರ ಅಂತ ಸಹ ಉಂಟು ಇದರಲ್ಲಿ," ಎಂದಳು. "ಬಸ್ಸು ಬಂತು ಅಂತ ನಾನು ಅಷ್ಟು ಓದಿ ಹೇಳಲಿಲ್ಲ. ಅದು ನನ್ನ ತಪ್ಪು."

ಗ್ರೇಸಿಗೆ ಕಣ್ಣು ತುಂಬಿತು. ಇಷ್ಟು ಸುಲಭವಾಗಿ ಮುಗಿಯುತ್ತದೆಂದು ಅವಳು ಎಣಿಸಿರಲಿಲ್ಲ. ಆದರೆ ಶಾರನ್ ಪುಸ್ತಕ ಮಡಚಿ ಇನ್ನೊಂದು ಪ್ರಶ್ನೆ ಕೇಳಿದಳು. ನಿಮಗೆ ಇದು ಯಾವಾಗ ಗೊತ್ತಾಯಿತು ಎಂದಳು.

ನಿನ್ನೆ ಎನ್ನಬಹುದಿತ್ತು. ಟ್ರಂಕಿನ ವಿಷಯ ಪಾದ್ರಿಯೊಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅವರು ಯಾರಿಗೂ ಹೇಳುವಂತಿಲ್ಲ. ನಿನ್ನೆ ಎಂದಿದ್ದರೆ ಮೊಮ್ಮಗ ಅವಳಿಗೆ ಉಳಿಯುತ್ತಿದ್ದ. ಗ್ರೇಸಿ ಚಾಪೆಯ ಕಡೆ ನೋಡಿದಳು. ಅಲ್ರಾಯ್ ಕ್ಲಿಪ್ಪಿನ ತುಂಡನ್ನು ಬಾಯಿಗೆ ಹಾಕಲು ಹೊರಟಿದ್ದ. ಅವಳು ಬಾಗಿ ಅದನ್ನು ಅವನ ಕೈಯಿಂದ ಬಿಡಿಸಿ ತೆಗೆದುಕೊಂಡಳು.

"ಮರುದಿನವೇ," ಎಂದಳು. "ಸೋಮವಾರ. ನೀವು ಆಸ್ಪತ್ರೆಯಲ್ಲಿ ಇದ್ದಾಗ."

ಶಾರನ್‌ಳ ತುಟಿ ಅಲುಗುತ್ತಿತ್ತು, ದಿನ ಎಣಿಸುತ್ತಿದ್ದಾಳೆಂದು ಗ್ರೇಸಿಗೆ ಗೊತ್ತಾಯಿತು.

"ಅಟ್ಟದಲ್ಲಿ ಇಟ್ಟದ್ದು ನನಗೆ ಅರ್ಥ ಆಗ್ತದೆ ಮಮ್ಮಿ. ಈ ಮೂವತ್ತನಾಲ್ಕು ದಿವಸ ಅರ್ಥ ಆಗುವುದಿಲ್ಲ."

ಗ್ರೇಸಿ ಚಾಪೆಯ ಮೇಲೆ ಉಳಿದ ತುಂಡುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ಸವಿಯೊ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಅವನು ತಾಯಿಯ ಕಡೆ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ. ಮೊಣಕಾಲ ಮೇಲಿದ್ದ ತನ್ನ ಎರಡು ಅಂಗೈಗಳನ್ನು ನೋಡುತ್ತಿದ್ದ. ಟಯರು ಹೇರಿದ್ದು ಅವನೇ, ಅದು ತಪ್ಪೇ, ಅದನ್ನು ಯಾರೂ ಇಲ್ಲವೆನ್ನಲಿಲ್ಲ. ಆದರೆ ಮಗುವನ್ನು ಬೀಳಿಸಿದ ಕೈಗಳೆಂದು ಅವನು ಇಷ್ಟು ದಿನ ಹೊತ್ತು ತಿರುಗಿದ ಕೈಗಳು ಮಗುವನ್ನು ಬೀಳಿಸಿರಲಿಲ್ಲ. ಶಾರನ್ ಜಗಲಿಯಿಂದ ಮಗುವನ್ನು ಎತ್ತಿಕೊಂಡು ಬಂದು ಅವನ ಮಡಿಲಲ್ಲಿ ಕೂರಿಸಿದಳು. ಕ್ಷಮಿಸು ಎಂದು ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಅಲ್ರಾಯ್ ಅಪ್ಪನ ಮುಖವನ್ನು ಒಮ್ಮೆ ಸಂಶಯದಿಂದ ನೋಡಿ, ಆಮೇಲೆ ಪ್ಲಾಸ್ಟರಿನ ಕೈಯಿಂದಲೇ ಅವನ ತಲೆಗೆ ಒಂದು ಬಡಿದ. ಸವಿಯೊ ಮಗುವಿನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತ. ದೊಡ್ಡವನಾದ ಮೇಲೆ ಅವನು ಅತ್ತದ್ದನ್ನು ಗ್ರೇಸಿ ನೋಡಿದ್ದು ಅದೇ ಮೊದಲು. ಹೋಗಿ ತಲೆ ಸವರಬೇಕೆನಿಸಿತು, ಹೋಗಲಿಲ್ಲ.

ಸಂಜೆ ಶಾರನ್ ಬಟ್ಟೆ ಕಟ್ಟಿಕೊಂಡು ಅವರ ಜೊತೆಯೇ ಹೊರಟಳು. ಜೀಪಿನ ಮುಂದಿನ ಸೀಟಿನಲ್ಲಿ ಅವಳು, ಅವಳ ಮಡಿಲಲ್ಲಿ ಮಗು. ಹಿಂದೆ ಗ್ರೇಸಿ, ಅವಳ ಮಡಿಲಲ್ಲಿ ಖಾಲಿ ತೊಟ್ಟಿಲು. ಕುಂಬಳೆ ದಾಟಿದ ಮೇಲೆ ಶಾರನ್ ಸಾದಾ ದನಿಯಲ್ಲಿ, ಜನವರಿಯಿಂದ ಅಲ್ರಾಯ್‌ನನ್ನು ಆಸ್ಪತ್ರೆಯ ಹತ್ತಿರದ ಶಿಶುವಿಹಾರಕ್ಕೆ ಸೇರಿಸುತ್ತೇನೆ, ಬೆಳಿಗ್ಗೆ ನನ್ನ ಜೊತೆಗೇ ಬಸ್ಸಿನಲ್ಲಿ ಬರಲಿ ಎಂದು ಹೇಳಿದಳು. ಹೇಳಿದ್ದು ಗಂಡನಿಗೆ. ಅವನು ಕನ್ನಡಿಯಲ್ಲಿ ಒಮ್ಮೆ ತಾಯಿಯನ್ನು ನೋಡಿ, ಆಯಿತು ಎಂದ. ಆರೂವರೆಯ ಬಸ್ಸು ಎಂದರೆ ಮಗುವನ್ನು ಐದಕ್ಕೇ ಎಬ್ಬಿಸಬೇಕಲ್ಲ, ಚಳಿಗೆ ಟೊಪ್ಪಿ ಹಾಕಬೇಕಲ್ಲ ಎಂದು ಗ್ರೇಸಿ ಯೋಚಿಸಿದಳು. ಟೊಪ್ಪಿ ಎಲ್ಲಿದೆಯೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಮನೆ ಮುಟ್ಟಿದಾಗ ಕತ್ತಲಾಗುತ್ತ ಬಂದಿತ್ತು. ಸವಿಯೊ ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಗ್ರೇಸಿ ತೊಟ್ಟಿಲನ್ನು ಹಿಡಿದುಕೊಂಡು ಅಂಗಳದಲ್ಲೇ ನಿಂತಳು. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವಳು ಯಾವ ಸಾಮಾನನ್ನು ಎಲ್ಲಿಡಬೇಕೆಂದು ಒಬ್ಬರನ್ನೂ ಕೇಳಿದವಳಲ್ಲ.

"ಶಾರನ್," ಎಂದು ಕರೆದಳು. "ಇದನ್ನು ಎಲ್ಲಿ ಇಡುವುದು?"

ಶಾರನ್ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಇಳಿದು ಬಂದು, ಅವಳ ಕೈಯಿಂದ ತೊಟ್ಟಿಲನ್ನು ತೆಗೆದುಕೊಂಡು, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಒಳಗೆ ಹೋದಳು.